ಹಳೆ ಡ್ರಮ್ಮಿನ ಒಳಗೋಡೆ

ಮೀನು ಸಾಕಿ ಗಿಡ ಬೆಳೆಸಲೆಂದು, ಗುಜರಿಗೆ ಬಂದ ಡ್ರಮ್ಮನ್ನೋ ಬಾತ್‌ಟಬ್ಬನ್ನೋ ನೋಡಲು ಹೋದವರು ಮೊದಲು ಮಾಡುವ ಕೆಲಸ ಒಂದೇ. ಬಿರುಕಿದೆಯಾ, ತೂತಿದೆಯಾ ಎಂದು ತಿರುಗಿಸಿ ತಿರುಗಿಸಿ ನೋಡುತ್ತಾರೆ. ತೂತಿನ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ನೀರು ತುಂಬಿಸಿದರೆ ಅರ್ಧ ಗಂಟೆಯಲ್ಲಿ ಅದು ತಾನೇ ಗೊತ್ತಾಗುತ್ತದೆ. ನಾನು ಮುಚ್ಚಳ ತೆಗೆದು ಮೊದಲು ವಾಸನೆ ನೋಡುತ್ತೇನೆ. ಈ ಗೋಡೆ ಇಷ್ಟು ವರ್ಷ ಏನನ್ನು ಕುಡಿದಿದೆ ಎಂಬುದೇ ನನಗೆ ಬೇಕಾದ ಸಂಗತಿ.

ಕುಡಿದಿದೆ ಎಂದದ್ದು ಸುಮ್ನೆ ಮಾತಿಗಲ್ಲ. ಪ್ಲಾಸ್ಟಿಕ್ ನಿಜವಾಗಿಯೂ ಕುಡಿಯುತ್ತದೆ.

ಹಿತ್ತಲಿನಲ್ಲಿ ಮೀನು ಸಾಕಿ, ಅದೇ ನೀರನ್ನು ಜಲ್ಲಿ ತುಂಬಿದ ತೊಟ್ಟಿಗೆ ಹರಿಸಿ ಗಿಡ ಬೆಳೆಸುವ ಅಕ್ವಾಪೋನಿಕ್ಸ್‌ಗೆ ಜನ ಹುಡುಕುವ ಹಳೆ ಪಾತ್ರೆಗಳು ಹೆಚ್ಚಾಗಿ ಪಾಲಿಎಥಿಲೀನ್‌ನವು. 200 ಲೀಟರಿನ ನೀಲಿ ಡ್ರಮ್ಮು, ಕಬ್ಬಿಣದ ಪಂಜರದೊಳಗಿನ 1000 ಲೀಟರಿನ ಬಿಳಿ ಟ್ಯಾಂಕು ಎರಡೂ ಅದೇ ಜಾತಿ. ಪಾಲಿಎಥಿಲೀನ್ ಎಂದರೆ ಬರೀ ಇಂಗಾಲ ಮತ್ತು ಜಲಜನಕದ ಉದ್ದುದ್ದ ಸರಪಳಿಗಳು. ಮೇಣದ ಬತ್ತಿಯ ಮೇಣವೂ ಇದೇ. ಮುಖ್ಯ ವ್ಯತ್ಯಾಸ ಸರಪಳಿಯ ಉದ್ದದಲ್ಲಿದೆ. ಹಾಗಾಗಿ ಆ ಡ್ರಮ್ಮನ್ನು ಗಟ್ಟಿಯಾಗಿ ಹೆಪ್ಪುಗಟ್ಟಿದ ಎಣ್ಣೆ ಎಂದುಕೊಂಡರೂ ತಪ್ಪಿಲ್ಲ. ಎಣ್ಣೆಯಲ್ಲಿ ಕರಗುವುದೆಲ್ಲ ನಿಧಾನವಾಗಿ ಅದರೊಳಗೂ ಇಳಿಯುತ್ತದೆ. ಎಣ್ಣೆ ಹಾಕಿಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ಎಷ್ಟು ತಿಕ್ಕಿದರೂ ಜಿಡ್ಡು ವಾಸನೆ ಹೋಗುವುದಿಲ್ಲ ಅಲ್ವಾ? ಸೋಪು ಮುಟ್ಟುವುದು ಮೇಲ್ಮೈಯನ್ನು. ವಾಸನೆ ಕೂತಿರುವುದು ಗೋಡೆಯ ಒಳಗೆ.

ಒಳಗೆ ಹೇಗೆ ಹೋಯಿತು? ಪ್ಲಾಸ್ಟಿಕ್ಕಿನ ಸರಪಳಿಗಳು ಎಲ್ಲ ಕಡೆ ಒಂದೇ ಥರ ಜೋಡಣೆಯಾಗಿರುವುದಿಲ್ಲ. ಕೆಲವು ಕಡೆ ಮಡಿಚಿಟ್ಟ ಬಟ್ಟೆಯ ಹಾಗೆ ಒತ್ತಾಗಿ ಕೂತಿರುತ್ತವೆ. ಅಲ್ಲಿ ಯಾವುದೂ ತೂರದು. ನಡುನಡುವೆ ಬೆಕ್ಕು ಆಡಿಬಿಟ್ಟ ನೂಲಿನ ಉಂಡೆಯ ಹಾಗೆ ಸಿಕ್ಕು ಸಿಕ್ಕಾಗಿರುತ್ತವೆ. ಆ ಸಿಕ್ಕಿನ ಎಳೆಗಳು ಸದಾ ಸ್ವಲ್ಪ ಅಲುಗಾಡುತ್ತಿರುತ್ತವೆ. ಅಲುಗಾಡಿದಾಗ ಸಂದು ಬೀಳುತ್ತದೆ, ಆ ಸಂದಿಗೆ ಕೀಟನಾಶಕದ ಒಂದು ಅಣು ಜಾರುತ್ತದೆ. ಪೊದೆಯೊಳಗೆ ಹಾವು ಹೊಕ್ಕ ಹಾಗೆ. ಪೊದೆಯನ್ನು ಹೊರಗಿನಿಂದ ಗುಡಿಸಿದರೆ ಹಾವು ಹೋಗುವುದಿಲ್ಲ. ಆಮೇಲೆ ನೀವು ಶುದ್ಧ ನೀರು ತುಂಬಿಸುತ್ತೀರಿ. ಗೋಡೆಯೊಳಗೆ ವಿಷ ಜಾಸ್ತಿ, ನೀರಿನಲ್ಲಿ ಸೊನ್ನೆ. ಬಂದ ದಾರಿಯಲ್ಲೇ ಅದು ದಿನಕ್ಕಿಷ್ಟು ಎಂದು ಹೊರಬರುತ್ತದೆ. ಒಂದು ಸಲ ತೊಳೆದು ಚೆಲ್ಲಿದ ನೀರು ಶುದ್ಧವಿದ್ದ ಮಾತ್ರಕ್ಕೆ ಮುಂದಿನ ತಿಂಗಳ ನೀರು ಶುದ್ಧವಿರುತ್ತದೆ ಎಂದೇನಿಲ್ಲ.

ವಿಜ್ಞಾನಿಗಳು ಈ ಗುಣವನ್ನೇ ಉಪಕರಣ ಮಾಡಿಕೊಂಡಿದ್ದಾರೆ. ನದಿ, ಸಮುದ್ರದ ನೀರಿನಲ್ಲಿ ಪಾಲಿಎಥಿಲೀನಿನ ತೆಳು ಪಟ್ಟಿಗಳನ್ನು ವಾರಗಟ್ಟಲೆ ಇಳಿಬಿಡುತ್ತಾರೆ. ನೇರವಾಗಿ ಅಳೆಯಲು ಕಷ್ಟವಾಗುವಷ್ಟು ಕಡಿಮೆ ಇರುವ ಮಾಲಿನ್ಯವೂ ಪಟ್ಟಿಯೊಳಗೆ ಸೇರಿ ಸಾಂದ್ರವಾಗುತ್ತದೆ. ಆಮೇಲೆ ಅದನ್ನು ಪ್ರಯೋಗಾಲಯದಲ್ಲಿ ದ್ರಾವಕದಲ್ಲಿ ನೆನೆಸಿ ಹೊರತೆಗೆಯುತ್ತಾರೆ. ನಮ್ಮ ಡ್ರಮ್ಮು ಅಂಥದ್ದೇ ಒಂದು ಪಟ್ಟಿ. ದಪ್ಪ ಮಾತ್ರ ಜಾಸ್ತಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ನನ್ನ ತಾಳ್ಮೆ ಕೆಡಿಸುತ್ತದೆ. ಡ್ರಮ್ಮಿನ ತಳದಲ್ಲಿ ತ್ರಿಕೋನದೊಳಗೆ 2 ಎಂದು ಇದ್ದರೆ ಅದು ಸುರಕ್ಷಿತ ಎಂದು ಹೇಳುವವರು ಬಹಳ. ಆ 2 ಹೇಳುವುದು ಅದು ಯಾವ ಪ್ಲಾಸ್ಟಿಕ್ ಎಂದು ಮಾತ್ರ. ಅದರಲ್ಲಿ ಹಿಂದೆ ಏನಿತ್ತು ಎಂದು ಅದು ಹೇಳುವುದಿಲ್ಲ. ಕಳೆನಾಶಕದ ಡ್ರಮ್ಮಿಗೂ ಹಣ್ಣಿನ ರಸದ ಡ್ರಮ್ಮಿಗೂ ಅದೇ 2. ನೋಡಬೇಕಾದ್ದು ಹಳೆಯ ಚೀಟಿಯನ್ನು. ಸಕ್ಕರೆ ಪಾಕ, ಉಪ್ಪು, ವಿನೆಗರ್ ತುಂಬಿದ್ದ ಡ್ರಮ್ಮನ್ನು ನಾನು ಧೈರ್ಯವಾಗಿ ತರುತ್ತೇನೆ. ಸಕ್ಕರೆ ಮತ್ತು ಉಪ್ಪು ನೀರಿಗೆ ಒಲಿದವು, ಮೇಣದೊಳಗೆ ಇಳಿಯುವುದಿಲ್ಲ. ವಿನೆಗರ್ ನೀರಿನಲ್ಲೇ ತೊಳೆದು ಹೋಗುತ್ತದೆ. ಡೀಸೆಲ್, ದ್ರಾವಕ, ಕೀಟನಾಶಕ ತುಂಬಿದ್ದರೆ ಬಿಟ್ಟಿ ಕೊಟ್ಟರೂ ಬೇಡ. ಚೀಟಿ ಕಿತ್ತುಹೋಗಿ, ಏನಿತ್ತೆಂದು ಮಾರುವವರಿಗೂ ಗೊತ್ತಿಲ್ಲದಿದ್ದರೆ ಅದೂ ಬೇಡ.

ಉಳಿದ ಪಾತ್ರೆಗಳದ್ದು ಸರಳ. ಫೈಬರ್‌ಗ್ಲಾಸ್ ಬಾತ್‌ಟಬ್ ಒಳ್ಳೆಯದು. ತುಂಬಾ ಹಳೆಯ ಎನಾಮಲ್ ಟಬ್ಬಿನ ಮೆರುಗಿನಲ್ಲಿ ಸೀಸ ಇರಬಹುದು, ಪರೀಕ್ಷೆ ಮಾಡದೆ ಬಳಸಬಾರದು. ಬಿಳಿ ಟ್ಯಾಂಕಿಗೆ ಹೊರಗಿನಿಂದ ಬಣ್ಣ ಬಳಿಯಬೇಕು, ಇಲ್ಲವಾದರೆ ಬೆಳಕು ಒಳಹೊಕ್ಕು ನೀರೆಲ್ಲ ಪಾಚಿ. 1000 ಲೀಟರ್ ಎಂದರೆ 1000 ಕಿಲೋ ಭಾರ ಎಂಬುದನ್ನು ಜಾಗ ನೋಡುವಾಗಲೇ ನೆನಪಿಡಬೇಕು. ಸತುವಿನ ಲೇಪವಿರುವ ತಗಡಿನ ತೊಟ್ಟಿಯ ಕಥೆ ಸ್ವಲ್ಪ ಮೋಸದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಇದು ಗೋಡೆಯ ಹಳೆಯ ಬದುಕಾಯಿತು. ಅದಕ್ಕೊಂದು ಹೊಸ ಬದುಕೂ ಇದೆ. ಅದರ ಕಥೆ 1877ರಲ್ಲಿ ಶುರುವಾಗುತ್ತದೆ.

ಆ ವರ್ಷ ಫ್ರಾನ್ಸಿನ ರಸಾಯನ ವಿಜ್ಞಾನಿಗಳಾದ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಒಂದು ಉದ್ದನೆಯ ಗಾಜಿನ ಕೊಳವೆಗೆ ಮರಳು ಮತ್ತು ಸ್ವಲ್ಪ ಸುಣ್ಣಕಲ್ಲಿನ ಪುಡಿ ತುಂಬಿದರು. ಮೇಲಿನಿಂದ ಚರಂಡಿ ನೀರನ್ನು ತುಂಬಾ ನಿಧಾನವಾಗಿ ಹರಿಸಿದರು. ಮೊದಲ 20 ದಿನ ಏನೂ ಆಗಲಿಲ್ಲ. ಅದರಲ್ಲಿದ್ದ ಅಮೋನಿಯ ಹಾಗೆಯೇ ಹೊರಬಂತು. ಆಮೇಲೆ ಕೆಳಗಿನ ನೀರಿನಲ್ಲಿ ಗಿಡಗಳಿಗೆ ಗೊಬ್ಬರವಾಗುವ ನೈಟ್ರೇಟ್ ಕಾಣಿಸಿಕೊಂಡಿತು. ಬರೀ ರಾಸಾಯನಿಕ ಕ್ರಿಯೆಯಾಗಿದ್ದರೆ 20 ದಿನ ಯಾಕೆ ಕಾಯಬೇಕಿತ್ತು? ಅವರು ಕೊಳವೆಗೆ ಕ್ಲೋರೋಫಾರ್ಮಿನ ಆವಿ ಬಿಟ್ಟರು. ನೈಟ್ರೇಟ್ ನಿಂತುಹೋಯಿತು. ಮರಳು ಅಲ್ಲೇ ಇತ್ತು, ನೀರೂ ಅದೇ. ಸತ್ತದ್ದು ಮರಳಿನ ಕಾಳುಗಳ ಮೇಲೆ ಮನೆ ಮಾಡಿದ್ದ ಯಾವುದೋ ಜೀವ.

ಆ ಜೀವವನ್ನು ಬೇರ್ಪಡಿಸಿ ಬೆಳೆಸಿದವರು ಸೂಕ್ಷ್ಮಜೀವಿ ವಿಜ್ಞಾನಿ ಸೆರ್ಗೇ ವಿನೊಗ್ರಾಡ್‌ಸ್ಕಿ, 1890ರ ಹೊತ್ತಿಗೆ. ಈ ಬ್ಯಾಕ್ಟೀರಿಯಗಳಿಗೆ ಅಮೋನಿಯವೇ ಉರುವಲು. ಮೈ ಕಟ್ಟಿಕೊಳ್ಳುವುದು ಇಂಗಾಲದ ಡೈಆಕ್ಸೈಡ್‌ನಿಂದ. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಎರಡನೆಯ ಕೆಲಸ ನೈಟ್ರೋಬ್ಯಾಕ್ಟರ್‌ನದು ಎಂದು ನೂರು ವರ್ಷ ಪಾಠ ಹೇಳಿದರು. ಸಿಹಿನೀರಿನ ಮೀನುತೊಟ್ಟಿಗಳಲ್ಲಿ ಅದನ್ನು ಮಾಡುವುದು ನೈಟ್ರೋಸ್ಪೈರ ಎಂದು 1998ರಲ್ಲಿ ತಿಳಿಯಿತು. 2015ರಲ್ಲಂತೂ ಎರಡೂ ಕೆಲಸವನ್ನು ಒಬ್ಬಂಟಿಯಾಗಿ ಮಾಡುವ ನೈಟ್ರೋಸ್ಪೈರವನ್ನೇ ಎರಡು ತಂಡಗಳು ಕಂಡುಹಿಡಿದವು. ಒಂದು ತಂಡಕ್ಕೆ ಅದು ಸಿಕ್ಕಿದ್ದು ಆಳದ ಬಾವಿಯಿಂದ ಬಿಸಿನೀರು ತರುವ ಪೈಪಿನ ಒಳಗೋಡೆಯ ಲೋಳೆಯಲ್ಲಿ. ಇನ್ನೊಂದು ತಂಡಕ್ಕೆ ಸಿಕ್ಕಿದ್ದು ಮೀನು ಸಾಕುವ ತೊಟ್ಟಿಯ ಫಿಲ್ಟರಿನಲ್ಲಿ. ಎರಡು ಕಡೆಯೂ ಜೀವ ಇದ್ದದ್ದು ನೀರಿಗೆ ತಾಗಿದ ಮೇಲ್ಮೈಯಲ್ಲಿ. ಇದನ್ನು ಓದಿದ ದಿನ ನಾನು ಹಿತ್ತಲಿಗೆ ಹೋಗಿ ನನ್ನ ಡ್ರಮ್ಮಿನ ಗೋಡೆ ಸವರಿ ನೋಡಿದ್ದೆ.

ಮೀನು ತಿಂದ ಪ್ರೋಟೀನಿನ ಸಾರಜನಕ ಬಹುಪಾಲು ಹೊರಬರುವುದು ಕಿವಿರಿನಿಂದ, ಅಮೋನಿಯವಾಗಿ. ಮೀನಿನ ಹಿಕ್ಕೆ ಗಿಡಕ್ಕೆ ಗೊಬ್ಬರ ಎನ್ನುವುದು ಅರ್ಧ ಸತ್ಯ. ಮೀನಿಗೂ ಗಿಡಕ್ಕೂ ನಡುವೆ ಆ ಬ್ಯಾಕ್ಟೀರಿಯಗಳ ಲೋಳೆ ನಿಂತಿದೆ, ಮೀನಿಗೆ ವಿಷವಾದ ಅಮೋನಿಯವನ್ನು ನೈಟ್ರೇಟ್ ಮಾಡುತ್ತಾ. ನೀರಿನಲ್ಲಿ ತೇಲುವ ಬ್ಯಾಕ್ಟೀರಿಯ ಪಂಪಿನ ಸೆಳೆತಕ್ಕೆ ಕೊಚ್ಚಿಹೋಗುತ್ತದೆ. ಅಂಟಿ ಕೂತದ್ದಕ್ಕೆ ಊಟ ಕೂತಲ್ಲಿಗೇ ಹರಿದುಬರುತ್ತದೆ. ಹಾಗಾಗಿ ತೊಟ್ಟಿ ಎಷ್ಟು ಮೀನನ್ನು ಸಾಕಬಲ್ಲದು ಎಂಬುದಕ್ಕೆ ಲೀಟರ್ ಲೆಕ್ಕ ಸಾಲದು. ಚದರ ಮೀಟರ್ ಲೆಕ್ಕವೂ ಬೇಕು. 200 ಲೀಟರಿನ ಡ್ರಮ್ಮಿನ ಒಳಗೋಡೆ ಸುಮಾರು 2 ಚದರ ಮೀಟರ್. ಅದೇ ಡ್ರಮ್ಮನ್ನು ಉದ್ದಕ್ಕೆ ಸೀಳಿ, ಒಂದು ಹೋಳಿಗೆ 2 ಸೆಂಟಿಮೀಟರ್ ಗಾತ್ರದ ಜಲ್ಲಿ 100 ಲೀಟರ್ ತುಂಬಿಸಿ. ಕಲ್ಲುಗಳನ್ನು ಗುಂಡು ಎಂದು ಹಿಡಿದು ಲೆಕ್ಕ ಹಾಕಿದರೂ 18 ಚದರ ಮೀಟರ್ ಬರುತ್ತದೆ. ಒಂದು ಕೋಣೆಯ ನೆಲದಷ್ಟು ಜಾಗ ಅರ್ಧ ಡ್ರಮ್ಮಿನಲ್ಲಿ! 1980ರ ದಶಕದಲ್ಲಿ ನಾರ್ತ್ ಕ್ಯಾರೊಲೈನ ಸ್ಟೇಟ್ ವಿಶ್ವವಿದ್ಯಾಲಯದ ಮಾರ್ಕ್ ಮ್ಯಾಕ್‌ಮರ್ಟ್ರಿ ಮೀನಿನ ನೀರನ್ನು ಮರಳಿನ ಪಾತಿಗೆ ಹರಿಸಿ ತರಕಾರಿ ಬೆಳೆದಾಗ, ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಅವರ ಕೊಳವೆಯ ತತ್ವವೇ ಅಲ್ಲಿ ಹೊಲವಾಗಿತ್ತು.

ಈ ಬ್ಯಾಕ್ಟೀರಿಯಗಳು ನಿಧಾನ. ನಮ್ಮ ಕರುಳಿನ ಇ-ಕೊಲೈಗೆ ಒಂದು ಎರಡಾಗಲು ಅನುಕೂಲವಿದ್ದಾಗ 20 ನಿಮಿಷ ಸಾಕು. ಇವಕ್ಕೆ ಹಲವು ಗಂಟೆಗಳಿಂದ ಒಂದು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಅಮೋನಿಯ ಸತ್ವ ಕಡಿಮೆಯ ಉರುವಲು. ಹಸಿ ಸೌದೆ ಒಲೆಯ ಹಾಗೆ ಹೊತ್ತಿಕೊಳ್ಳಲು ಹೊತ್ತು ಹಿಡಿಯುತ್ತದೆ. ತೊಟ್ಟಿ ತುಂಬಿಸಿದ ದಿನವೇ ಮೀನು ಬಿಟ್ಟರೆ ಅವು ಸಾಯುವುದು ಇದಕ್ಕೇ. ಹಾಗೆ ಸತ್ತಾಗ ಜನ ದೃಷ್ಟಿ ತಾಗಿತು ಎನ್ನುತ್ತಾರೆ, ಗಳಿಗೆ ಸರಿಯಿರಲಿಲ್ಲ ಎನ್ನುತ್ತಾರೆ. ಸರಿಯಿಲ್ಲದ್ದು ಗೋಡೆ. ಅದರ ಮೇಲೆ ಇನ್ನೂ ಯಾರೂ ಇರಲಿಲ್ಲ.

ಇದನ್ನು ನಾನು ಕಲಿತದ್ದು ದುಃಖದಿಂದ. ಚೆನ್ನಾಗಿ ನಡೆಯುತ್ತಿದ್ದ ತೊಟ್ಟಿಯನ್ನು ಒಂದು ಭಾನುವಾರ ಬ್ಲೀಚ್ ಹಾಕಿ ತಿಕ್ಕಿ, ಜಲ್ಲಿಯನ್ನೂ ತೊಳೆದು, ಹೊಸ ನೀರು ತುಂಬಿಸಿದೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಎರಡನೆಯ ವಾರಕ್ಕೆ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಏರ್ ಪಂಪ್ ಜೋರಾಗಿಯೇ ಓಡುತ್ತಿತ್ತು, ಆದರೂ ಉಸಿರಿಲ್ಲ. ಅಮೋನಿಯದ ಬ್ಯಾಕ್ಟೀರಿಯ ಮೊದಲು ಚೇತರಿಸಿಕೊಂಡಿತ್ತು, ನೈಟ್ರೈಟಿನದು ಇನ್ನೂ ಬಂದಿರಲಿಲ್ಲ. ನೈಟ್ರೈಟ್ ಕಿವಿರಿನಿಂದ ರಕ್ತಕ್ಕೆ ಹೋಗಿ ಹಿಮೋಗ್ಲೋಬಿನ್ ಆಮ್ಲಜನಕ ಹೊರದಂತೆ ಮಾಡುತ್ತದೆ. ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಸ್ವಲ್ಪ ಉಪ್ಪು ಹಾಕಿದ್ದರೆ ಅದರ ಕ್ಲೋರೈಡ್ ಕಿವಿರಿನ ಬಾಗಿಲಲ್ಲಿ ನೈಟ್ರೈಟನ್ನು ತಡೆಯುತ್ತಿತ್ತು. ಅದು ಆಗ ನನಗೆ ಗೊತ್ತಿರಲಿಲ್ಲ.

ಈಗ ತಗಡಿನ ತೊಟ್ಟಿ. ಬ್ಯಾಕ್ಟೀರಿಯ 1 ಗ್ರಾಂ ಅಮೋನಿಯ ಸಾರಜನಕವನ್ನು ನೈಟ್ರೇಟ್ ಮಾಡಲು ಸುಮಾರು 4.6 ಗ್ರಾಂ ಆಮ್ಲಜನಕ ಬಳಸುತ್ತದೆ, ಜೊತೆಗೆ ಆಮ್ಲವನ್ನೂ ಬಿಡುತ್ತದೆ. ಅದನ್ನು ತಣಿಸಲು ಸುಮಾರು 7 ಗ್ರಾಂ ಸುಣ್ಣಕಲ್ಲು ಬೇಕು. 1877ರ ಕೊಳವೆಯಲ್ಲಿ ಸುಣ್ಣಕಲ್ಲಿನ ಪುಡಿ ಇದ್ದದ್ದು ನೆನಪಿದೆಯಲ್ಲ? ತೊಟ್ಟಿ ಚೆನ್ನಾಗಿ ಕೆಲಸ ಮಾಡಿದಷ್ಟೂ ನೀರಿನ ಪಿಎಚ್ ಇಳಿಯುತ್ತದೆ, ಅಂದರೆ ನೀರು ಹೆಚ್ಚು ಆಮ್ಲವಾಗುತ್ತದೆ. ಇಳಿದಷ್ಟೂ ಸತು ಜಾಸ್ತಿ ಕರಗುತ್ತದೆ. ಸತು ಮೀನಿಗೆ ವಿಷ. ಮೊದಲ ತಿಂಗಳು ಎಲ್ಲ ಸರಿಯಿದ್ದು, ಆಮೇಲೆ ಮೀನು ಸಾಯತೊಡಗುತ್ತವೆ. ಅಂಥ ತೊಟ್ಟಿ ಬಳಸಲೇಬೇಕಿದ್ದರೆ ಒಳಗೆ ಕೊಳಕ್ಕೆ ಹಾಸುವ ಹಾಳೆ ಹಾಸಿ.

ಹಾಗಂತ ಜಲ್ಲಿಯೆಲ್ಲ ಸುಣ್ಣಕಲ್ಲಾದರೂ ಕಷ್ಟ. ಪಿಎಚ್ ಮೇಲೇ ನಿಂತು ಗಿಡಕ್ಕೆ ಕಬ್ಬಿಣ ಸಿಗುವುದಿಲ್ಲ, ಎಳೆ ಎಲೆ ಹಳದಿಯಾಗುತ್ತದೆ. ಅಮೋನಿಯವೂ ಆಗ ಜಾಸ್ತಿ ಅಪಾಯಕಾರಿ. 25 ಡಿಗ್ರಿಯ ನೀರಿನಲ್ಲಿ ಪಿಎಚ್ 7 ಇದ್ದಾಗ ಅದರ ವಿಷರೂಪ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಪಿಎಚ್ 8 ಆದರೆ ನೂರಕ್ಕೆ 5 ದಾಟುತ್ತದೆ. ನಾಲ್ಕು ಕಲ್ಲನ್ನು ವಿನೆಗರ್‌ನಲ್ಲಿ ಹಾಕಿ ನೋಡಿ. ಬುಸುಬುಸು ನೊರೆ ಬಂದರೆ ಅದು ಸುಣ್ಣಕಲ್ಲು. ಪಿಎಚ್ ಇಳಿದಾಗ ಸ್ವಲ್ಪ ಸುಣ್ಣಕಲ್ಲನ್ನು ಒಂದು ಬಲೆಚೀಲದಲ್ಲಿ ಕಟ್ಟಿ ನೀರಿಗೆ ಇಳಿಬಿಟ್ಟರೆ ಸಾಕು.

ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಅವರ ಪ್ರಯೋಗದ ಕೊನೆಯ ಭಾಗ ಹೇಳುವುದು ಉಳಿದಿದೆ. ಕ್ಲೋರೋಫಾರ್ಮನ್ನು ಹೊರಗೆ ಹೋಗಲು ಬಿಟ್ಟ ಮೇಲೂ ಅವರ ಕೊಳವೆ ತಾನಾಗಿ ಏಳಲಿಲ್ಲ. ತೋಟದ ಮಣ್ಣನ್ನು ಕದಡಿದ ಸ್ವಲ್ಪ ನೀರನ್ನು ಮೇಲಿನಿಂದ ಸುರಿದರು. ಕೆಲವು ದಿನಗಳಲ್ಲಿ ನೈಟ್ರೇಟ್ ಮತ್ತೆ ಬಂತು. ಹೊಸ ಡ್ರಮ್ಮು ತಂದಾಗ ನಾನು ಮಾಡುವುದೂ ಅದನ್ನೇ. ನಡೆಯುತ್ತಿರುವ ತೊಟ್ಟಿಯಿಂದ ನಾಲ್ಕು ಬೊಗಸೆ ಲೋಳೆ ಜಲ್ಲಿಯನ್ನು ಒದ್ದೆಯಾಗಿಯೇ ತಂದು ಹಾಕುತ್ತೇನೆ. ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಮಾತ್ರ ತೊಳೆಯುವುದಿಲ್ಲ.