ಮುಚ್ಚಳಿಕೆ ಬರೆಸ್ಕೊಂಡು ಖಜಾನೆ ತುಂಬಿಸಿದ ಏಳನೇ ಹೆನ್ರಿ

1485ರ ಆಗಸ್ಟ್ 22ಕ್ಕೆ ಬಾಸ್ವರ್ತ್ ಯುದ್ಧ ಗೆದ್ದು ಏಳನೇ ಹೆನ್ರಿ ಇಂಗ್ಲೆಂಡಿನ ಗದ್ದುಗೆ ಹತ್ತಿದಾಗ ಅವನ ಹತ್ರ ದುಡ್ಡಿರ್ಲಿಲ್ಲ. 14 ವರ್ಷ ಬ್ರಿಟನಿ (ಫ್ರಾನ್ಸ್ ಪಕ್ಕದ ಆಗಿನ ಸಂಸ್ಥಾನ), ಫ್ರಾನ್ಸ್ ಕಡೆ ತಲೆಮರೆಸ್ಕೊಂಡು ಬೇರೆಯವರ ಅನ್ನ ತಿಂದು ಬದುಕಿದವನು, ಸಾಲ ತಂದು ದಂಡು ಕಟ್ಟಿದವನು. ಕೈ ಬರಿದಾದ ರಾಜನ ಗತಿ ಏನು ಅಂತ ಆ ದೇಶ ಆಗ್ಲೇ ನೋಡಿತ್ತು, ಆರನೇ ಹೆನ್ರಿ ಕಾಲದಲ್ಲಿ 1450ರ ಹೊತ್ತಿಗೇ ಸಾಲ 3,72,000 ಪೌಂಡ್ ದಾಟಿತ್ತು, ಆಮೇಲೆ ಕಿರೀಟಕ್ಕಾಗಿ ಮೂವತ್ತು ವರ್ಷ ಹೊಡೆದಾಟ.

ತೆರಿಗೆ ಹಾಕಬಹುದಿತ್ತಲ್ಲ ಅಂತ ನೀವು ಕೇಳ್ಬಹುದು. ಹಾಕಿದ, ಜನ ದಂಗೆ ಎದ್ರು. 1489ರಲ್ಲಿ ಯಾರ್ಕ್‌ಶೈರ್‌ನಲ್ಲಿ, 1497ರಲ್ಲಂತೂ ಕಾರ್ನ್‌ವಾಲ್ ಜನ ಸ್ಕಾಟ್ಲೆಂಡ್ ಯುದ್ಧಕ್ಕೆ ನಾವ್ಯಾಕೆ ಕೊಡ್ಬೇಕು ಅಂತ ನಡ್ಕೊಂಡೇ ಲಂಡನ್ ಪಕ್ಕದ ಬ್ಲ್ಯಾಕ್‌ಹೀತ್ ತನಕ ಬಂದ್ಬಿಟ್ರು.

ಹಾಗಾಗಿ ಅವನಿಗೆ ಪಾರ್ಲಿಮೆಂಟ್ ಮುಂದೆ ಕೈ ಚಾಚದೆ ಬರೋ ದುಡ್ಡು ಬೇಕಿತ್ತು. ಅರಸೊತ್ತಿಗೆಯಿಂದ ಕೈತಪ್ಪಿಹೋಗಿದ್ದ ಜಮೀನು ವಾಪಸ್ ತಗೊಳ್ಳೋಕೆ 1486ರಲ್ಲೇ ಕಾನೂನು ಮಾಡಿಸ್ದ, ರಾಜದ್ರೋಹ ಮಾಡಿದವರ ಆಸ್ತಿ ಜಪ್ತಿ ಮಾಡ್ದ. ಬಾಸ್ವರ್ತ್‌ನಲ್ಲಿ ಇವನ ಪ್ರಾಣ ಉಳಿಸಿದ ವಿಲಿಯಂ ಸ್ಟ್ಯಾನ್ಲಿಯನ್ನೇ 1495ರಲ್ಲಿ ದ್ರೋಹದ ಆರೋಪದ ಮೇಲೆ ತಲೆ ತೆಗೆಸ್ದ, ಅವನ ದೊಡ್ಡ ಆಸ್ತಿಯೆಲ್ಲಾ ರಾಜನಿಗೇ ಸೇರ್ತು. ಎಕ್ಸ್‌ಚೆಕರ್ ಅನ್ನೋ ಹಳೇ ಖಜಾನೆ ಇಲಾಖೆ ತುಂಬಾ ನಿಧಾನ, ಅದಕ್ಕೇ ಹಿಂದಿನ ರಾಜ ನಾಲ್ಕನೇ ಎಡ್ವರ್ಡ್ ಶುರು ಮಾಡಿದ್ದ ಪದ್ಧತಿ ಹಿಡಿದು ದುಡ್ಡು ನೇರ ಅರಮನೆಯ ಖಾಸಾ ಖಜಾನೆಗೇ ಬರೋ ಹಾಗೆ ಮಾಡ್ದ. ಜಾನ್ ಹೆರನ್ ಲೆಕ್ಕ ಬರೀತಿದ್ದ, ರಾಜ ಸ್ವತಃ ಕೂತು ಲೆಕ್ಕದ ಪುಸ್ತಕ ನೋಡಿ ಪುಟದ ಕೆಳಗೆ ಸಹಿ ಹಾಕ್ತಿದ್ದ. ಇದನ್ನ ನಾನು ನಿಜಕ್ಕೂ ಮೆಚ್ತೀನಿ.

ಆದ್ರೆ ಮುಚ್ಚಳಿಕೆ ವಿಷಯಕ್ಕೆ ಬಂದ್ರೆ ಮೆಚ್ಚೋಕಾಗಲ್ಲ. ನಿಷ್ಠೆಯಿಂದ ಇರ್ತೀನಿ, ತಪ್ಪಿದ್ರೆ ಇಷ್ಟು ಸಾವಿರ ಪೌಂಡ್ ಕಟ್ತೀನಿ ಅಂತ ದೊಡ್ಡ ಮನೆತನದವರ ಹತ್ರ ಬರೆಸ್ಕೊಳ್ಳೋದು, ಜೊತೆಗೆ ನೆಂಟರು ಸ್ನೇಹಿತರ ಜಾಮೀನು ಬೇರೆ, ಅಂದ್ರೆ ಒಬ್ಬ ತಪ್ಪಿದ್ರೆ ಹತ್ತು ಮನೆ ಮುಳುಗುತ್ತೆ. ಆ ಕಾಲದ 62 ಪ್ರಭು ಮನೆತನಗಳಲ್ಲಿ 46-47 ಒಂದಲ್ಲ ಒಂದು ಸಲ, ಮುಚ್ಚಳಿಕೆಯಿಂದಲೋ ದಂಡ, ಜಪ್ತಿಯಿಂದಲೋ, ರಾಜನ ಮುಷ್ಟಿಯಲ್ಲಿದ್ವು. ಜಾರ್ಜ್ ನೆವಿಲ್ ಅನ್ನೋ ಪ್ರಭು ಕಾನೂನು ಮೀರಿ 471 ಜನ ಬಂಟರನ್ನ 30 ತಿಂಗಳು ಸಾಕಿದ್ದ ಅಂತ 1507ರಲ್ಲಿ ಕೇಸ್ ಆಯ್ತು, ತಲೆಗೆ ತಿಂಗಳಿಗೆ 5 ಪೌಂಡ್ ದಂಡ, ಗುಣಿಸಿ ನೋಡಿ, 70,650 ಪೌಂಡ್! ಅಷ್ಟು ಯಾರ ಕೈಲೂ ಕಟ್ಟೋಕಾಗಲ್ಲ ಅಂತ ರಾಜನಿಗೂ ಗೊತ್ತಿತ್ತು. ಕೊನೆಗೆ 5,000 ಪೌಂಡ್‌ಗೆ ಇಳಿಸಿ, ಅದನ್ನ ಹತ್ತು ವರ್ಷದ ಕಂತಲ್ಲಿ ಕಟ್ಟು ಅಂದ್ರು, ಅಂದ್ರೆ ಹತ್ತು ವರ್ಷ ಅವನು ತಲೆ ಎತ್ತೋ ಹಾಗಿಲ್ಲ.

ಈ ವಸೂಲಿ ಕೆಲಸಕ್ಕೆ ಇದ್ದವರು ರಿಚರ್ಡ್ ಎಂಪ್ಸನ್, ಎಡ್ಮಂಡ್ ಡಡ್ಲಿ, ಇಬ್ಬರೂ ಕಾನೂನು ಓದಿದವರು. ಇವರಿದ್ದ ಕೌನ್ಸಿಲ್ (ರಾಜನ ಕಾನೂನು ಪಂಡಿತರ ಮಂಡಳಿ) ಎದುರು ಸಿಕ್ಕಿಬಿದ್ರೆ ಜ್ಯೂರಿ ಇಲ್ಲ, ಮೇಲ್ಮನವಿಯೂ ಇಲ್ಲ.

1509ರ ಏಪ್ರಿಲ್‌ನಲ್ಲಿ ರಾಜ ಸತ್ತ. ಮಗ ಎಂಟನೇ ಹೆನ್ರಿ ಬಂದವನೇ ಇಬ್ಬರನ್ನೂ ಹಿಡಿಸಿ ಲಂಡನ್ ಟವರ್ ಕೋಟೆಯ ಜೈಲಿಗೆ ಹಾಕ್ದ, ಜನ ಖುಷಿಪಟ್ರು, ಎಷ್ಟೋ ಮುಚ್ಚಳಿಕೆ ರದ್ದಾದ್ವು. ಜೈಲಲ್ಲಿ ಕೂತು ಡಡ್ಲಿ ಯಾರ್ಯಾರಿಗೆ ಅನ್ಯಾಯ ಆಗಿದೆ ಅಂತ ಎಂಬತ್ತಕ್ಕೂ ಹೆಚ್ಚು ಪ್ರಕರಣಗಳ ಪಟ್ಟಿ ಬರ್ದ. 1510ರ ಆಗಸ್ಟ್ 17ಕ್ಕೆ ಇಬ್ಬರ ತಲೆಯೂ ಹೋಯ್ತು. ಆದ್ರೆ ಮರಣದಂಡನೆ ಕೊಟ್ಟಿದ್ದು ಸುಲಿಗೆಗಲ್ಲ, ರಾಜ ಸಾಯೋ ಹೊತ್ತಲ್ಲಿ ಆಯುಧ ಹಿಡಿದ ಜನರನ್ನ ಲಂಡನ್‌ಗೆ ಕರೆಸಿದ್ರು ಅನ್ನೋ ದ್ರೋಹದ ಆರೋಪಕ್ಕೆ. ಸುಲಿಗೆ ಅಂತ ಬರೆದಿದ್ರೆ ಅಪ್ಪಣೆ ಕೊಟ್ಟವರು ಯಾರು ಅಂತ ಕೋರ್ಟಲ್ಲಿ ಹೇಳ್ಬೇಕಾಗ್ತಿತ್ತು.