ಗಿದ್ಯೋನ: ಹೆದರಿಕೆ ಇಟ್ಟುಕೊಂಡೇ ಹೋದವನು (ನ್ಯಾಯಸ್ಥಾಪಕರು 6–8)

ಸಭೆಯಲ್ಲಿ ಏನಾದರೂ ಜವಾಬ್ದಾರಿ ಕೊಟ್ಟರೆ ನಮ್ಮ ಬಾಯಿಂದ ಮೊದಲು ಬರೋ ಮಾತು, "ನನ್ನಿಂದ ಆಗಲ್ಲ ಅಯ್ಯನವರೇ." ಬೈಬಲಿನ ನ್ಯಾಯಸ್ಥಾಪಕರು ಪುಸ್ತಕದಲ್ಲಿ ಬರುವ ಇಸ್ರಾಯೇಲ್ಯರ ನಾಯಕ ಗಿದ್ಯೋನನೂ ಹೆಚ್ಚುಕಡಿಮೆ ಅದನ್ನೇ ಹೇಳಿದ. ಬರೀ 300 ಜನರೊಂದಿಗೆ ಅವನು ಶತ್ರು ಸೈನ್ಯವನ್ನು ಗೆದ್ದದ್ದು ಎಲ್ಲರಿಗೂ ಗೊತ್ತು. ಇಲ್ಲಿ ಅವನ ಹೆದರಿಕೆಯನ್ನು ಸ್ವಲ್ಪ ನೋಡೋಣ.

7 ವರ್ಷದಿಂದ ಇಸ್ರಾಯೇಲ್ಯರು ಮಿದ್ಯಾನ್ಯರ ಕೈಕೆಳಗಿದ್ದರು. ಬಿತ್ತನೆ ಮಾಡಿದರೆ ಸಾಕು, ಅವರು ಒಂಟೆಗಳ ಸಮೇತ ಬಂದು ಬೆಳೆಯನ್ನೆಲ್ಲ ಹಾಳುಮಾಡುತ್ತಿದ್ದರು. ಗೋದಿ ಬಡಿಯೋಕೆ ಬಯಲಲ್ಲಿ ಕಣ ಬೇಕು, ತೂರೋಕೆ ಗಾಳಿ ಬೇಕು. ಗಿದ್ಯೋನ ಮಾತ್ರ ಒಫ್ರದಲ್ಲಿ ದ್ರಾಕ್ಷಿ ತುಳಿಯುವ ತೊಟ್ಟಿಯಲ್ಲಿ ಕದ್ದುಮುಚ್ಚಿ ಬಡಿಯುತ್ತಿದ್ದ. ಅಂಥವನನ್ನು ದೇವರ ದೂತ ಪರಾಕ್ರಮಶಾಲಿ ಎಂದು ಕರೆಯುತ್ತಾನೆ (6:12). ನಗು ಬರುತ್ತೆ ಅಲ್ವಾ?

ಇಸ್ರಾಯೇಲ್ಯರನ್ನು ಬಿಡಿಸು ಎಂದು ದೇವರು ಹೇಳಿದಾಗ, ಮನಸ್ಸೆ ಕುಲದಲ್ಲಿ ನಮ್ಮ ಮನೆತನವೇ ಬಡದು, ಮನೆಯಲ್ಲಿ ನಾನೇ ಚಿಕ್ಕವನು ಅನ್ನೋದು ಅವನ ಉತ್ತರ (6:15). ಆದರೆ 6:27 ನೋಡಿ. ಇದೇ ಬಡವ ಬಾಳನೆಂಬ ಅನ್ಯದೇವರ ಬಲಿಪೀಠ ಕೆಡವಲು ತನ್ನ ಆಳುಗಳಲ್ಲಿ 10 ಜನರನ್ನು ಕರೆದುಕೊಂಡು ಹೋಗುತ್ತಾನೆ! ಅವನು ಸುಳ್ಳು ಹೇಳಿದ ಅಂತ ನನಗೆ ಅನ್ನಿಸುವುದಿಲ್ಲ. ಭಯ ಬಂದಾಗ ಇರೋದೂ ಕಣ್ಣಿಗೆ ಬೀಳುವುದಿಲ್ಲ. ದೇವರಾದರೂ "ನಿನಗೆ ಆಳುಗಳಿದ್ದಾರಲ್ಲ" ಅನ್ನುವುದಿಲ್ಲ. ನಾನೇ ನಿನ್ನ ಸಂಗಡ ಇರುತ್ತೇನೆ ಅನ್ನುತ್ತಾರೆ. ಮೋಶೆಗೂ (ವಿಮೋಚನಕಾಂಡ 3:12), ತಾನಿನ್ನೂ ಬಾಲಕ ಎಂದ ಯೆರೆಮೀಯನಿಗೂ (1:8) ಸಿಕ್ಕಿದ್ದು ಇದೇ ಮಾತು. ಮೂವರಲ್ಲಿ ಯಾರಿಗೂ "ನಿನಗೆ ಯೋಗ್ಯತೆ ಇದೆ" ಅಂತ ಸಮಾಧಾನ ಹೇಳಿಲ್ಲ.

ಆ ಬಲಿಪೀಠವನ್ನೂ ಅವನು ರಾತ್ರಿಯೇ ಕೆಡವಿದ್ದು. ಮನೆಯವರಿಗೆ, ಊರವರಿಗೆ ಹೆದರಿದ್ದ. ಆದರೂ ಕೆಲಸ ಆಯಿತು. ದೇವರ ಮಾತು ಖಚಿತವೇ ಎಂದು ತಿಳಿಯಲು ಕಣದಲ್ಲಿ ಉಣ್ಣೆ ಹಾಸಿ, ಮಂಜಿನ ಗುರುತನ್ನು ಎರಡು ಸಲ ಕೇಳಿದ್ದೂ ಇದೆ.

7ನೇ ಅಧ್ಯಾಯದಲ್ಲಿ ಕಥೆ ಜಾಸ್ತಿ ಸ್ವಾರಸ್ಯವಾಗುತ್ತದೆ. ಯುದ್ಧಕ್ಕೆ 32,000 ಜನ ಸೇರಿದ್ದರು. ಹೆದರುವವರು ಮನೆಗೆ ಹೋಗಲಿ ಎಂದಾಗ 22,000 ಜನ ಹೊರಟೇಬಿಟ್ಟರು. ನೀರಿನ ಹತ್ತಿರ ಪರೀಕ್ಷೆ ಆದ ಮೇಲೆ ಉಳಿದದ್ದು 300. ನಮ್ಮ ಕೈಯೇ ನಮ್ಮನ್ನು ಉಳಿಸಿತು ಎಂದು ಇಸ್ರಾಯೇಲ್ಯರು ಕೊಚ್ಚಿಕೊಳ್ಳಬಾರದು ಅನ್ನೋದೇ ಕಾರಣ (7:2). ಹೆದರಿದವರೆಲ್ಲ ಹೋದರು ಸರಿ, ಆದರೆ ನಾಯಕ? ಅದೇ ರಾತ್ರಿ ದೇವರು ಅವನಿಗೆ, ಇಳಿದು ಹೋಗಲು ಭಯವಾದರೆ ನಿನ್ನ ಸೇವಕ ಪುರನನ್ನು ಜೊತೆಗೆ ಕರೆದುಕೊಂಡು ಮಿದ್ಯಾನ್ಯರ ಪಾಳೆಯಕ್ಕೆ ಹೋಗು ಎನ್ನುತ್ತಾರೆ (7:10). ಮುಂದಿನ ವಚನದಲ್ಲೇ ಇಬ್ಬರೂ ಹೊರಟಿದ್ದಾರೆ. ಅಂದರೆ ಭಯ ಇತ್ತು! ಬೈಗುಳ ಇಲ್ಲ, ಜೊತೆಗೊಬ್ಬ ಆಳು ಸಿಕ್ಕಿದ.

ಅಲ್ಲಿ ಶತ್ರುವೊಬ್ಬ ತನ್ನ ಕನಸು ಹೇಳುತ್ತಿದ್ದ: ಜವೆಗೋದಿಯ ರೊಟ್ಟಿಯೊಂದು ಉರುಳುತ್ತಾ ಬಂದು ಡೇರೆಯನ್ನು ಕೆಡವಿತಂತೆ. ಅದು ಗಿದ್ಯೋನನ ಕತ್ತಿಯೇ ಎಂದ ಅವನ ಜೊತೆಗಾರ. ಜವೆಗೋದಿ ಬಡವರ ಊಟ. ಮನಸ್ಸೆಯ ಬಡ ಮನೆತನದವನು ಅದನ್ನು ಕೇಳಿ ಅಲ್ಲೇ ದೇವರಿಗೆ ಅಡ್ಡಬಿದ್ದ.

8ನೇ ಅಧ್ಯಾಯವನ್ನು ದಯವಿಟ್ಟು ಬಿಡಬೇಡಿ. ಗೆದ್ದ ಮೇಲೆ ಅರಸನಾಗು ಎಂದರೆ ಒಲ್ಲೆ ಎಂದ, ಒಳ್ಳೆಯದೇ. ಆದರೆ 1,700 ಶೆಕೆಲ್ (ಆಗಿನ ತೂಕದ ಅಳತೆ) ಬಂಗಾರ ಕೂಡಿಸಿ ಎಫೋದು (ಯಾಜಕರು ತೊಡುವಂಥ ಮೇಲುವಸ್ತ್ರ) ಮಾಡಿಸಿ ಊರಲ್ಲಿಟ್ಟ. ಜನ ಅದನ್ನೇ ಪೂಜಿಸತೊಡಗಿದರು. ಅದು ಅವನ ಮನೆಗೇ ಉರುಲಾಯಿತು (8:27). ಉಣ್ಣೆ ಹಾಸಿ ಎರಡೆರಡು ಸಲ ಕೇಳಿದವನು ಈ ಬಾರಿ ದೇವರನ್ನು ಒಂದು ಮಾತು ಕೇಳಿದ್ದೂ ಬರೆದಿಲ್ಲ.