ದೀಪ ತೋರಿಸಬೇಕೋ, ಬಚ್ಚಿಡಬೇಕೋ?

ಪ್ರಶ್ನೆ: ನಿಮ್ಮ ಒಳ್ಳೆ ಕೆಲಸಗಳನ್ನು ಜನ ನೋಡುವ ಹಾಗೆ ನಿಮ್ಮ ಬೆಳಕು ಪ್ರಕಾಶಿಸಲಿ ಎಂದು ಯೇಸು ಸ್ವಾಮಿ ಬೈಬಲಿನ ಮತ್ತಾಯ 5:16ರಲ್ಲಿ ಹೇಳುತ್ತಾರೆ. 6:1ರಲ್ಲಿ ಜನ ನೋಡಲಿ ಎಂದು ಮಾಡಬೇಡಿ ಎನ್ನುತ್ತಾರೆ. ಹಾಗಾದರೆ ನಾವು ಕೊಡುವ ಕಾಣಿಕೆ, ಮಾಡುವ ಸೇವೆ ಯಾರಿಗೂ ಗೊತ್ತಾಗಬಾರದಾ?

ಉತ್ತರ: ಎರಡೂ ಬೆಟ್ಟದ ಪ್ರಸಂಗ ಎನ್ನುವ ಒಂದೇ ಉಪದೇಶದ ಮಾತುಗಳು. ಆದರೆ ಸಂದರ್ಭ ಬೇರೆ ಬೇರೆ. 5:16ಕ್ಕಿಂತ ಸ್ವಲ್ಪ ಮೇಲೆ, 11ನೇ ವಚನ ಓದಿ. ನನ್ನ ನಿಮಿತ್ತ ಜನ ನಿಮ್ಮನ್ನು ನಿಂದಿಸುತ್ತಾರೆ, ಹಿಂಸಿಸುತ್ತಾರೆ ಎಂದಿದೆ. ಬೈಗುಳ ಬೀಳುವ ಕಡೆ ದೀಪವನ್ನು ಸುಮ್ನೆ ಕೊಳಗದ ಕೆಳಗೆ ಇಟ್ಟುಬಿಡೋಣ ಅನಿಸುತ್ತದೆ, ಅಲ್ವಾ? ಅಂಥವರಿಗೆ ಬಚ್ಚಿಡಬೇಡಿ ಎಂದರು. 6ನೇ ಅಧ್ಯಾಯದಲ್ಲಿರುವುದು ದಾನ, ಪ್ರಾರ್ಥನೆ, ಉಪವಾಸ. ಮೂರೂ ಊರಲ್ಲಿ ಒಳ್ಳೆ ಹೆಸರು ತರುವ ಕೆಲಸಗಳು. ಅಲ್ಲಿ ತುತ್ತೂರಿ ಊದಿಸಿ ಮೆರೆಸಬೇಡಿ ಎಂದರು.

ಮೆರೆಸುವವರ ಬಗ್ಗೆ ಆ ಅಧ್ಯಾಯ ಮೂರು ಸಲ ಒಂದೇ ಮಾತು ಹೇಳುತ್ತದೆ: ಅವರಿಗೆ ಬರಬೇಕಾದ ಫಲ ಬಂದಾಯಿತು. ಮೂಲ ಗ್ರೀಕ್‌ನಲ್ಲಿ ಇಲ್ಲಿರುವ ಕ್ರಿಯಾಪದ 'ಅಪೆಖೋ'. ಈಜಿಪ್ಟಿನಲ್ಲಿ ಸಿಕ್ಕ ಹಳೆಯ ಪಪೈರಸ್ (ಜೊಂಡಿನಿಂದ ಮಾಡಿದ ಹಾಳೆ) ರಶೀದಿಗಳಲ್ಲೂ ಇದೇ ಪದವಿದೆ. ನಮ್ಮ ಅಂಗಡಿ ಭಾಷೆಯಲ್ಲಿ ಹೇಳುವುದಾದರೆ 'ಹಣ ಪೂರ್ತಿ ಮುಟ್ಟಿದೆ'. ಚಪ್ಪಾಳೆ ಬೇಕಿತ್ತು, ಸಿಕ್ಕಿತು. ಲೆಕ್ಕ ಚುಕ್ತಾ. ಇನ್ನು ತಂದೆಯ ಹತ್ತಿರ ಕೇಳಲು ಬಾಕಿ ಏನಿದೆ?

ಹೊಗಳಿಕೆಯ ಆಸೆ ಎಂದರೆ ನಮಗೆ ಬರೀ ಜಂಬ ನೆನಪಾಗುತ್ತದೆ. ಆದರೆ ಅದೇ ಆಸೆ ಬಾಯಿಯನ್ನೂ ಮುಚ್ಚಿಸುತ್ತದೆ. ಯೋಹಾನ 12:42-43 ನೋಡಿ. ಅಧಿಕಾರಿಗಳಲ್ಲೂ ಅನೇಕರು ಯೇಸುವನ್ನು ನಂಬಿದ್ದರು, ಆದರೆ ಯೆಹೂದ್ಯರ ಸಭಾಮಂದಿರದಿಂದ ಹೊರಗೆ ಹಾಕುತ್ತಾರೆಂದು ಹೆದರಿ ಹೇಳಿಕೊಳ್ಳಲಿಲ್ಲ. ಅವರಿಗೆ ದೇವರಿಂದ ಬರುವ ಮಾನಕ್ಕಿಂತ ಮನುಷ್ಯರು ಕೊಡುವ ಮಾನವೇ ಹೆಚ್ಚು ಇಷ್ಟವಾಗಿತ್ತು ಎನ್ನುತ್ತಾನೆ ಯೋಹಾನ. ಒಬ್ಬ ತುತ್ತೂರಿ ಊದಿಸುತ್ತಾನೆ, ಇನ್ನೊಬ್ಬ ದೀಪ ಮುಚ್ಚಿಡುತ್ತಾನೆ. ಇಬ್ಬರ ಕಣ್ಣೂ ಜನರ ಮುಖದ ಮೇಲೇ.

ಇನ್ನು ನಿಮ್ಮ ಕಾಣಿಕೆಯ ವಿಷಯ. ಅಪೊಸ್ತಲರ ಕೃತ್ಯಗಳು 4ನೇ ಅಧ್ಯಾಯದಲ್ಲಿ ಬಾರ್ನಬ ಎಂಬ ವಿಶ್ವಾಸಿ ಹೊಲ ಮಾರಿ ಹಣ ತಂದು ಎಲ್ಲರೆದುರೇ ಅಪೊಸ್ತಲರ ಪಾದದ ಬಳಿ ಇಟ್ಟ. ಯಾರೂ ಆಕ್ಷೇಪಿಸಲಿಲ್ಲ. ಮುಂದಿನ ಅಧ್ಯಾಯದಲ್ಲೇ ಅನನೀಯ ಎಂಬವನು ಹೊಲ ಮಾರಿ, ಸ್ವಲ್ಪ ಹಣ ಗುಟ್ಟಾಗಿ ಇಟ್ಟುಕೊಂಡು, ಉಳಿದದ್ದನ್ನೇ ಪೂರ್ತಿ ಎಂಬಂತೆ ತಂದಿಟ್ಟು ಸಿಕ್ಕಿಬಿದ್ದ. ಸ್ವಲ್ಪ ಹಣ ಇಟ್ಟುಕೊಂಡದ್ದು ತಪ್ಪಲ್ಲ. ಆ ಹಣ ನಿನ್ನ ಕೈಯಲ್ಲೇ ಇತ್ತಲ್ಲ ಎಂದು ಪೇತ್ರನೇ ಕೇಳುತ್ತಾನೆ. ಒಂದು ಭಾಗ ಕೊಟ್ಟು ಪೂರ್ತಿ ಕೊಟ್ಟವನ ಹೆಸರು ಬೇಕೆಂದದ್ದೇ ತಪ್ಪು. ಚರ್ಚಿನ ಸುಗ್ಗಿ ಹಬ್ಬದ ಹರಾಜಿನಲ್ಲಿ ಕುಂಬಳಕಾಯಿಗೆ ಜೋರಾಗಿ ಕೂಗಿ ಬೆಲೆ ಏರಿಸುವುದು ನನಗೆ ಖುಷಿಯ ಆಟವೇ. ಆದರೆ ಕೂಗಿದ ಹಣವನ್ನು ಆಮೇಲೆ ಕಟ್ಟಬೇಕು! ನಿಮ್ಮನ್ನೇ ಕೇಳಿಕೊಳ್ಳಿ: ಈ ಸಲ ಹೆಸರು ಓದುವುದಿಲ್ಲ ಎಂದರೂ ಇಷ್ಟೇ ಕೊಡುತ್ತಿದ್ದೆನಾ? ನನಗಂತೂ ಇದಕ್ಕೆ ಪ್ರತಿ ಸಲ 'ಹೌದು' ಅನ್ನಲು ಆಗಿಲ್ಲ.

ಹಾಗಂತ ಬೇರೆಯವರನ್ನು ಹೊಗಳುವುದರಲ್ಲಿ ಜಿಪುಣತನ ಬೇಡ. ಜನರನ್ನು ಮೆಚ್ಚಿಸುವವನಾಗಿದ್ದರೆ ನಾನು ಕ್ರಿಸ್ತನ ದಾಸನಲ್ಲ ಎಂದು ಗಲಾತ್ಯದವರಿಗೆ ಬರೆದ ಪೌಲನೇ, ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯದಲ್ಲಿ 20ಕ್ಕೂ ಹೆಚ್ಚು ಜನರ ಹೆಸರು ಹಿಡಿದು ನೆನೆಯುತ್ತಾನೆ. ಇವಳು ಬಹಳ ದುಡಿದಳು, ಇವರು ನನಗಾಗಿ ಪ್ರಾಣವನ್ನೇ ಒಡ್ಡಿದರು ಎಂದೆಲ್ಲ ಬರೆಯುತ್ತಾನೆ. ಶನಿವಾರ ಸಂಜೆ ಯಾರೂ ಇಲ್ಲದಾಗ ಬಂದು ನಿಮ್ಮ ಚರ್ಚಿನ ಬೆಂಚು ಒರೆಸುವವರು ಒಬ್ಬರು ಇದ್ದೇ ಇರುತ್ತಾರೆ. ಈ ವಾರ ಅವರನ್ನು ಮಾತಾಡಿಸಿ.